ಮಕ್ಕಳ ಓದು, ಹೆತ್ತವರ ಹೆಸರಿನ ಸಾಲ

ಅಮೆರಿಕದಲ್ಲಿ ಮಗಳಿಗೆ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ವಿದ್ಯಾರ್ಥಿವೇತನ, ಅವಳದೇ ಹೆಸರಿನ ಸರ್ಕಾರಿ ಸಾಲ, ಮನೆಯ ಉಳಿತಾಯ ಎಲ್ಲ ಕೂಡಿದರೂ ಶುಲ್ಕಕ್ಕೆ ಸಾಲುತ್ತಿಲ್ಲ. ಇಂಥ ಹೊತ್ತಿನಲ್ಲಿ ಅಪ್ಪ-ಅಮ್ಮಂದಿರ ಮುಂದೆ ಬಂದು ನಿಲ್ಲುವುದು ‘ಪೇರೆಂಟ್ ಪ್ಲಸ್’ ಸಾಲ. 1980ರ ಕಾನೂನಿನಿಂದ ಹುಟ್ಟಿದ ಈ ಯೋಜನೆಯಲ್ಲಿ ಸಾಲ ಕೊಡುವುದು ಅಲ್ಲಿನ ಕೇಂದ್ರ ಸರ್ಕಾರ, ತೀರಿಸಬೇಕಾದವರು ಹೆತ್ತವರು. ಭಾರತದ ಶಿಕ್ಷಣ ಸಾಲದಲ್ಲಿ ವಿದ್ಯಾರ್ಥಿಯೇ ಸಾಲಗಾರ, ತಂದೆ-ತಾಯಿ ಜೊತೆಗೆ ಸಹಿ ಹಾಕುತ್ತಾರೆ. ಪೇರೆಂಟ್ ಪ್ಲಸ್‌ನಲ್ಲಿ ಹಾಗಲ್ಲ. ಮಗಳು ಕೆಲಸಕ್ಕೆ ಸೇರಿ ಕೈತುಂಬ ಸಂಬಳ ಪಡೆದರೂ ಈ ಸಾಲವನ್ನು ಅವಳ ಹೆಸರಿಗೆ ವರ್ಗಾಯಿಸಲು ಬರುವುದಿಲ್ಲ.

ಅರ್ಜಿ ಹಾಕಿದವರ ಸಂಬಳ ಎಷ್ಟು, ಕಂತು ಕಟ್ಟುವ ಶಕ್ತಿ ಇದೆಯೇ ಎಂದು ಸರ್ಕಾರ ನೋಡುವುದಿಲ್ಲ. ಹಿಂದಿನ ಸಾಲಗಳಲ್ಲಿ ದೊಡ್ಡ ಬಾಕಿ, ದಿವಾಳಿಯಂಥ ಕಪ್ಪುಚುಕ್ಕೆ ಇಲ್ಲದಿದ್ದರೆ ಸಾಕು. ಸುಲಭವಾಗಿ ಸಿಗುವುದೇ ಈ ಸಾಲದ ದೊಡ್ಡ ಅಪಾಯ.

ಮೊದಲ ಪೆಟ್ಟು ಸಾಲ ಕೊಡುವಾಗ ಸರ್ಕಾರ ಹಿಡಿಯುವ ಶುಲ್ಕದ್ದು. 2025-26ರ ಶೈಕ್ಷಣಿಕ ವರ್ಷದಲ್ಲಿ ಅದು ಶೇ. 4.228. ಬೇರೆಯಾಗಿ ಕಟ್ಟಿಸಿಕೊಳ್ಳದೆ ಸಾಲದ ಹಣದಲ್ಲೇ ಮುರಿದುಕೊಳ್ಳುವುದರಿಂದ ಹಲವರಿಗೆ ಗೊತ್ತೇ ಆಗುವುದಿಲ್ಲ. 20,000 ಡಾಲರ್ ಸಾಲ ಮಾಡಿದರೆ ಕಾಲೇಜಿಗೆ ತಲುಪುವುದು ಸುಮಾರು 19,154 ಡಾಲರ್. ಬಡ್ಡಿ ಮಾತ್ರ ಪೂರ್ತಿ 20,000ದ ಮೇಲೆ.

ಬಡ್ಡಿದರ ಪ್ರತಿ ಮೇ ತಿಂಗಳಲ್ಲಿ ನಿಗದಿಯಾಗುತ್ತದೆ. ಅಮೆರಿಕ ಸರ್ಕಾರದ ಹತ್ತು ವರ್ಷದ ಸಾಲಪತ್ರಗಳ ಹರಾಜಿನಲ್ಲಿ ಬಂದ ದರಕ್ಕೆ 4.6 ಕೂಡಿಸುತ್ತಾರೆ, ಶೇ. 10.5 ದಾಟುವಂತಿಲ್ಲ. 2025-26ಕ್ಕೆ ಬಂದದ್ದು ಶೇ. 8.94. ಆ ವರ್ಷ ಪಡೆದ ಸಾಲಕ್ಕೆ ತೀರುವವರೆಗೂ ಇದೇ ದರ. ಪದವಿ ವಿದ್ಯಾರ್ಥಿ ತನ್ನ ಹೆಸರಿನಲ್ಲಿ ಪಡೆಯುವ ಸರ್ಕಾರಿ ಸಾಲಕ್ಕೆ ಅದೇ ವರ್ಷ ಬಡ್ಡಿ ಶೇ. 6.39, ಶುಲ್ಕ ಶೇ. 1.057 ಮಾತ್ರ. ಆ ಸಾಲಕ್ಕೆ ಮಿತಿ ಚಿಕ್ಕದು, ನಿಜ. ಆದರೂ ಮೊದಲು ಅದನ್ನು ಪೂರ್ತಿ ಬಳಸಿಕೊಂಡು, ಆಮೇಲೆ ಹೆತ್ತವರು ಸಾಲಕ್ಕೆ ಕೈಹಾಕುವುದೇ ಲೇಸು. ಮಕ್ಕಳ ಮೇಲೆ ಹೊರೆ ಬೇಡವೆಂಬ ಪ್ರೀತಿಯಿಂದ ಎಲ್ಲವನ್ನೂ ತಮ್ಮ ತಲೆಗೆ ಕಟ್ಟಿಕೊಂಡರೆ ಇಡೀ ಮನೆಗೇ ಹೆಚ್ಚು ಬಡ್ಡಿ ಬೀಳುತ್ತದೆ.

ಮಗಳ ಓದು ಮುಗಿದು ಆರು ತಿಂಗಳಾಗುವವರೆಗೆ ಕಂತು ಮುಂದೂಡಬಹುದು. ಬಡ್ಡಿ ಮಾತ್ರ ನಿಲ್ಲುವುದಿಲ್ಲ. 20,000 ಡಾಲರ್‌ಗೆ ದಿನಕ್ಕೆ ಸುಮಾರು 4.90 ಡಾಲರ್. ನಾಲ್ಕು ವರ್ಷಕ್ಕೆ ಅದು 7,000 ದಾಟುತ್ತದೆ. ಮುಂದೂಡಿದ ಅವಧಿ ಮುಗಿದ ಕೂಡಲೇ ಈ ಬಡ್ಡಿ ಅಸಲಿಗೆ ಸೇರಿ, ಅದರ ಮೇಲೂ ಬಡ್ಡಿ ಓಡುತ್ತದೆ. ಕೂಡಲೇ ಕಂತು ಶುರುಮಾಡಿ ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 253 ಡಾಲರ್, ಒಟ್ಟು 30,300ರಷ್ಟು. ನಾಲ್ಕು ವರ್ಷ ಬಿಟ್ಟು ಶುರುಮಾಡಿದರೆ ತಿಂಗಳಿಗೆ 343, ಒಟ್ಟು ಸುಮಾರು 41,000. ಪೂರ್ತಿ ಕಂತು ಕಟ್ಟಲಾಗದವರು ಓದಿನ ದಿನಗಳಲ್ಲಿ ತಿಂಗಳಿಗೆ 149 ಡಾಲರ್ ಬಡ್ಡಿಯನ್ನಾದರೂ ಕಟ್ಟುತ್ತ ಬಂದರೆ ಅಸಲು ಬೆಳೆಯುವುದಿಲ್ಲ.

ಅಲ್ಲಿ ನೆಲೆಸಿದ ಕನ್ನಡಿಗರಲ್ಲೂ ಎಲ್ಲರಿಗೆ ಈ ಸಾಲ ಸಿಗದು. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವ ಮನೆಗಳಿಗೆ ದಾರಿಯಿದೆ. ಎಚ್-1ಬಿ ವೀಸಾದಲ್ಲಿ ಇರುವವರಿಗೆ, ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಮಕ್ಕಳನ್ನು ಓದಲು ಕಳಿಸುವವರಿಗೆ ಇಲ್ಲ.

2025ರ ಜುಲೈ 4ರಂದು ಸಹಿಯಾದ ಕಾನೂನು ಈ ಸಾಲಕ್ಕೆ ಬೇಲಿ ಹಾಕಿತು. ಹಳೆಯ ನಿಯಮದಂತೆ ಕಾಲೇಜಿನ ಒಟ್ಟು ಖರ್ಚಿನಲ್ಲಿ ಇತರ ನೆರವು ಕಳೆದು ಉಳಿದಷ್ಟನ್ನೂ ಸಾಲ ಪಡೆಯಬಹುದಿತ್ತು. 2026ರ ಜುಲೈ 1ರಿಂದ ಹೊಸಬರಿಗೆ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 20,000, ಒಟ್ಟಾರೆ 65,000 ಡಾಲರ್ ಮಿತಿ. ಆ ಬಳಿಕ ಪಡೆದ ಸಾಲಕ್ಕೆ ಆದಾಯ ನೋಡಿ ಕಂತು ಇಳಿಸುವ ಸೌಲಭ್ಯವೂ ಇಲ್ಲ. ಮಿತಿಗಿಂತ ಹೆಚ್ಚು ಬೇಕಾದವರು ಖಾಸಗಿ ಬ್ಯಾಂಕಿನತ್ತ ತಿರುಗುತ್ತಾರೆ. ಅಲ್ಲಿ ದರ ಸ್ಥಿರವೋ ಏರಿಳಿಯುವುದೋ ಎಂಬುದನ್ನು ಕೇಳಬೇಕು. ಇನ್ನೊಂದನ್ನೂ ಕೇಳಬೇಕು: ವಿದ್ಯಾರ್ಥಿಯಾಗಲಿ ಸಾಲ ಮಾಡಿದ ಹೆತ್ತವರಾಗಲಿ ತೀರಿಕೊಂಡರೆ ಪ್ಲಸ್ ಸಾಲ ಮನ್ನಾ ಆಗುತ್ತದೆ, ಬ್ಯಾಂಕಿನ ಕರಾರಿನಲ್ಲಿ ಆ ರಕ್ಷಣೆ ಇದೆಯೇ?