ಕೂಸು ಚಿತ್ರವನ್ನು ಯಾಕೆ ಕೆರೆಯುತ್ತದೆ?

ದೊಡ್ಡಬಳ್ಳಾಪುರದ ಓದುಗರೊಬ್ಬರ ಪ್ರಶ್ನೆ: "ಒಂಬತ್ತು ತಿಂಗಳ ಮಗಳಿಗೆ ಅವರಪ್ಪ ರಟ್ಟಿನ ಪುಸ್ತಕ ತಂದಿದ್ದಾರೆ. ಕುರಿಮರಿ ಚಿತ್ರದ ಮೇಲೆ ಮೆತ್ತನೆ ತುಪ್ಪಟ ಅಂಟಿಸಿದೆ. ಮಗು ಅದನ್ನು ಕೆರೆಯುತ್ತೆ, ಕಚ್ಚುತ್ತೆ. ಅಕ್ಷರಾಭ್ಯಾಸಕ್ಕೆ ಮುಂಚೆಯೇ ಸರಸ್ವತೀನ ಎಂಜಲು ಮಾಡಬಾರದು ಅಂತ ನಮ್ಮತ್ತೆ ಪುಸ್ತಕಾನ ದೇವರ ಮನೇಲಿ ಎತ್ತಿಟ್ಟಿದ್ದಾರೆ. ಸರೀನಾ?"

ಖಂಡಿತ ಸರಿಯಲ್ಲ. ದಯವಿಟ್ಟು ಇಳಿಸಿ ಕೊಡಿ. ಗರ್ಭದೊಳಗೆ ಸುಮಾರು ಎಂಟನೇ ವಾರಕ್ಕೆ ಸ್ಪರ್ಶ ಮೊದಲು ತಿಳಿಯುವುದೇ ತುಟಿಯ ಸುತ್ತ. ಹುಟ್ಟಿದ ಮೇಲೂ ಬಹಳ ದಿನ ಬಾಯಿಯೇ ಕೂಸಿನ ಪರೀಕ್ಷೆಯ ಸಾಧನ. ಇದರಲ್ಲಿ ಪಾಪವೂ ಇಲ್ಲ, ಅಪಚಾರವೂ ಇಲ್ಲ.

ನನಗೆ ಬಲು ಇಷ್ಟವಾದದ್ದು ಆ ಕೆರೆತ. ಅಮೆರಿಕದ ಮನೋವಿಜ್ಞಾನಿ ಜೂಡಿ ಡಿಲೋಚ್ ಮತ್ತು ಸಂಗಡಿಗರು 1998ರಲ್ಲಿ ಒಂಬತ್ತು ತಿಂಗಳ ಕೂಸುಗಳ ಮುಂದೆ ಫೋಟೊಗಳಿದ್ದ ಪುಸ್ತಕ ತೆರೆದಿಟ್ಟರು. ಕೂಸುಗಳು ಚಿತ್ರವನ್ನು ಉಜ್ಜಿದವು, ತಟ್ಟಿದವು, ಪುಟದಿಂದ ಕಿತ್ತುಕೊಳ್ಳುವಂತೆ ಬೆರಳು ಮಡಚಿ ಎಳೆದವು! ಆಫ್ರಿಕದ ಐವರಿ ಕೋಸ್ಟ್‌ನ ಬೆಂಗ್ ಜನರ ಹಳ್ಳಿಯಲ್ಲೂ ಇದೇ ಕಥೆ. ಹಾಗಂತ ಚಿತ್ರವನ್ನೇ ವಸ್ತುವೆಂದು ಮೋಸಹೋದವೆ? ಇಲ್ಲ. ಚಿತ್ರ, ವಸ್ತು ಎರಡನ್ನೂ ಎದುರಿಗಿಟ್ಟರೆ ಕೈ ಹೋಗುತ್ತಿದ್ದದ್ದು ವಸ್ತುವಿಗೇ. ಚಿತ್ರವೆಂದರೆ ಏನು ಎಂಬುದು ಮಾತ್ರ ಅವುಗಳಿಗೆ ಇನ್ನೂ ಗೊತ್ತಿಲ್ಲ, ಮುಟ್ಟಿ ತಿಳಿದುಕೊಳ್ಳುತ್ತಿವೆ. ಹತ್ತೊಂಬತ್ತು ತಿಂಗಳ ಹೊತ್ತಿಗೆ ಕೆರೆತ ಬಹುಪಾಲು ನಿಂತು, ಬೆರಳು ಮಾಡಿ ತೋರಿಸುವುದು ಶುರುವಾಗುತ್ತದೆ.

ಕೆರೆಯುವುದಕ್ಕೆ ಇನ್ನೊಂದು ಲಾಭವಿದೆ. ಬೆರಳನ್ನು ಬಟ್ಟೆಯ ಮೇಲೆ ಅಲುಗಾಡದೆ ಇಡಿ, ರೇಷ್ಮೆಯೋ ಹತ್ತಿಯೋ ಸರಿಯಾಗಿ ತಿಳಿಯುವುದಿಲ್ಲ. ಸರಿಸಿ, ತಕ್ಷಣ ತಿಳಿಯುತ್ತದೆ. ಸಣ್ಣ ನವಿರು-ಒರಟುಗಳನ್ನು ಚರ್ಮ ಕಂಪನವಾಗಿ ಗ್ರಹಿಸುತ್ತದೆ. ಚರ್ಮದಾಳದ ಪಾಸಿನಿಯನ್ ಕಣಗಳು ಸೆಕೆಂಡಿಗೆ ಸುಮಾರು 250 ಕಂಪನಗಳ ಆಸುಪಾಸಿನಲ್ಲಿ ತುಂಬ ಚುರುಕು. ನಿಮ್ಮೂರಿನ ಮಗ್ಗದವರು ಸೀರೆಯನ್ನು ಬೆರಳಲ್ಲಿ ಉಜ್ಜಿ ನೋಡುವುದೂ ಇದೇ ಲೆಕ್ಕದಲ್ಲಿ.

ಅಂಗಡಿಯ ಪುಸ್ತಕಗಳ ಬಗ್ಗೆ ನನಗೊಂದು ತಕರಾರಿದೆ. ಕೆಲವದರಲ್ಲಿ ಕುರಿಗೂ ಮೊಲಕ್ಕೂ ಬಾತುಕೋಳಿಗೂ ಒಂದೇ ನೈಲಾನ್ ತುಪ್ಪಟ. ಮುಟ್ಟಿದರೆ ಮಗುವಿಗೆ ಹೊಸದೇನೂ ಸಿಗುವುದಿಲ್ಲ. ಅದಕ್ಕಿಂತ ಮನೆಯಲ್ಲೇ ಮಾಡಿ. ಕುರಿ ಚಿತ್ರಕ್ಕೆ ಹಳೇ ಕಂಬಳಿಯ ತುಂಡು, ಸೀರೆಗೆ ರೇಷ್ಮೆಯ ಚೂರು, ಮೂಟೆಗೆ ಗೋಣಿತಾಟು. ದಪ್ಪ ರಟ್ಟಿಗೆ ನಾಲ್ಕೂ ಅಂಚು ಬಿಗಿಯಾಗಿ ಹೊಲಿಯಿರಿ. ಜರಿಯ ಎಳೆ ಬಿಡಬೇಡಿ, ಬೆರಳಿಗೆ ಸುತ್ತಿಕೊಳ್ಳುತ್ತದೆ. ಗುಂಡಿ, ಮಣಿ, ಕಾಳು, ವಿಜಯಪುರದ ಮಾರುಕಟ್ಟೆಯ ರೇಷ್ಮೆಗೂಡು ಯಾವುದೂ ಬೇಡ, ಕಿತ್ತು ಬಂದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಹಣ್ಣಿನ ಪುಟ ತೆರೆದಾಗ ಪಕ್ಕದಲ್ಲಿ ದೇವನಹಳ್ಳಿ ಚಕ್ಕೋತವನ್ನೇ ಇಡಿ. ಆ ದಪ್ಪ ಸಿಪ್ಪೆಯ ಸಣ್ಣ ಸಣ್ಣ ಗುಳಿಗಳ ಮೇಲೆ ಮಗು ಅಂಗೈ ಆಡಿಸುವಾಗ ಜೊತೆಗೆ ಮಾತಾಡಿ: "ತಣ್ಣಗಿದೆ ಅಲ್ವಾ ಕಂದಾ, ತರಿತರಿ ಇದೆ." ಮಾತು ಸ್ಪರ್ಶಕ್ಕೆ ಅಂಟುವುದು ಆಗಲೇ.

ಆದರೆ ಮುಟ್ಟುವ ಪುಸ್ತಕ ಎಲ್ಲವನ್ನೂ ಕಲಿಸುತ್ತದೆಂಬ ಜಾಹೀರಾತನ್ನು ನಂಬಬೇಡಿ. ಡಿಲೋಚ್ ತಂಡದ್ದೇ ಇನ್ನೊಂದು ಪ್ರಯೋಗದಲ್ಲಿ ಎರಡೂವರೆ ದಾಟಿದ ಮಕ್ಕಳು ಅಕ್ಷರಗಳನ್ನು ಹೆಚ್ಚಾಗಿ ಕಲಿತದ್ದು ಎಳೆಯುವ, ಮುಟ್ಟುವ ಪುಟಗಳಿಂದಲ್ಲ, ಸಾದಾ ಪುಸ್ತಕದಿಂದ. ಆಡುವುದರಲ್ಲೇ ಗಮನ ಹೋಗಿಬಿಡುತ್ತದೆ. ಅ, ಆ ಕಲಿಸುವ ಕಾಲಕ್ಕೆ ತುಪ್ಪಟವಿಲ್ಲದ, ದೊಡ್ಡಕ್ಷರದ ಪುಸ್ತಕ ಕೊಳ್ಳಿ.