ಕೆರಳುವ ಕುದುರೆಯನ್ನು ಪಳಗಿಸುವ ಕ್ರಮ

ಪಳಗಿಸುವಾಗ ಕುದುರೆಯು ಹಠಾತ್ತಾಗಿ ಒದೆಯುವುದೂ ಕಚ್ಚುವುದೂ ಬಹುಮಟ್ಟಿಗೆ ನೋವಿನಿಂದ ಇಲ್ಲವೆ ಭಯದಿಂದಲೇ ಹೊರತು ದುಷ್ಟಬುದ್ಧಿಯಿಂದಲ್ಲ. ಆದಕಾರಣ ಚಾವಟಿಯನ್ನೆತ್ತುವ ಮೊದಲು ಅದರ ಬೆನ್ನು, ಹಲ್ಲು, ಗೊರಸುಗಳನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸತಕ್ಕದ್ದು.

ಕುದುರೆಗೆ ನೇರ ಹಿಂದುಗಡೆ ಇರುವುದು ಕಾಣದು. ಮಾತನಾಡಿಸುತ್ತ ಹೆಗಲಿನ ಪಕ್ಕದಿಂದ ಸಮೀಪಿಸಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಕೂಡದು. ಚಿತ್ತಾಪುರ, ಶಹಾಬಾದ, ವಾಡಿ ಕಡೆಯ ಹಾಸುಗಲ್ಲಿನ ಅಂಗಳದಲ್ಲಿ ಗೊರಸು ಜಾರುವುದರಿಂದ ಮಣ್ಣಿನ ಬಯಲೇ ಯೋಗ್ಯವು. ಸ್ವಲ್ಪ ಹೊತ್ತು ಮಾತ್ರ ಕಲಿಸಿ, ಶಾಂತವಾಗಿ ನಿಂತೊಡನೆ ಹಗ್ಗವನ್ನು ಸಡಿಲಿಸಬೇಕು.

ಸಾಧುವಾಗಿದ್ದ ಕುದುರೆಯು ಒಮ್ಮೆಲೆ ಕೆರಳಿ, ಜೊಲ್ಲು ಸುರಿಸಿ, ನುಂಗಲಾರದಿದ್ದರೆ ಹುಚ್ಚುನಾಯಿ ರೋಗವೆಂದು ಶಂಕಿಸತಕ್ಕದ್ದು. ಅದರ ಬಾಯಲ್ಲಿ ಕೈಯಿಡದೆ, ಪ್ರತ್ಯೇಕವಾಗಿ ಕೂಡಿಹಾಕಿ, ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿಸಿಕೊಂಡವರು ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಯಲ್ಲಿ ಲಸಿಕೆಯನ್ನು ಪಡೆಯತಕ್ಕದ್ದು. ರೋಗವು ಕಾಣಿಸಿಕೊಂಡ ಮೇಲೆ ಮದ್ದಿಲ್ಲ.