ಚಳಿಗೆ ಸ್ಟಾರ್ಟ್ ಆಗದ ಗಾಡಿಗೆ ಹೀಟರ್ ಬೇಕೇ?

ಡಿಸೆಂಬರ್ ಬಂತೆಂದರೆ ಹೊಸಪೇಟೆಯ ಗ್ಯಾರೇಜುಗಳಲ್ಲಿ ಈ ಮಾತು ಶುರುವಾಗುತ್ತದೆ: "ಚಳಿಗೆ ಇಂಜಿನ್ ಹಿಡ್ಕಂಡೈತ್ರಿ, ಹೀಟರ್ ಹಾಕಿಸ್ಬೇಕು." ಹಂಪಿಯ ಮಾತಂಗ ಬೆಟ್ಟದ ಸೂರ್ಯೋದಯಕ್ಕೆ ಪ್ರವಾಸಿಗರನ್ನು ಕರೆದೊಯ್ಯಲು ನಸುಕಿನಲ್ಲೇ ಗಾಡಿ ತೆಗೆಯುವ ಟ್ಯಾಕ್ಸಿಯವರು, ಕಂಪ್ಲಿಯ ಗದ್ದೆಗೆ ಟ್ರ್ಯಾಕ್ಟರ್ ಇಳಿಸುವ ರೈತರು, ಸಂಡೂರಿನ ಅದಿರು ಲಾರಿಯ ಚಾಲಕರು, ಎಲ್ಲರೂ ಇದನ್ನು ನಂಬುತ್ತಾರೆ. ನಂಬುವುದಕ್ಕೆ ಕಾರಣವೂ ಇದೆ. ಮೇ ತಿಂಗಳಲ್ಲಿ ಒಂದೇ ಸೆಲ್ಫಿಗೆ ಎದ್ದ ಗಾಡಿ ಈಗ ನಾಲ್ಕೈದು ಸಲ ಹೊಡೆದರೂ ಏಳುವುದಿಲ್ಲ. ಆನ್‌ಲೈನ್‌ನಲ್ಲಿ ಇಂಜಿನ್ ಹೀಟರ್ ಸಿಗುತ್ತದೆ, ತರಿಸಿಬಿಡೋಣ ಎನ್ನುವವರೂ ಇದ್ದಾರೆ. ದಯವಿಟ್ಟು ತರಿಸಬೇಡಿ. ನಮ್ಮ ಸೀಮೆಯ ಗಾಡಿಯ ಬೆಳಗಿನ ರೋಗಕ್ಕೆ ಮದ್ದು ಬೇರೆ ಕಡೆ ಇದೆ.

ನಂಬಿಕೆ: ಇಲ್ಲಿನ ಚಳಿಗೆ ಇಂಜಿನ್ ಬ್ಲಾಕ್ ಬಿಸಿ ಮಾಡುವ ಹೀಟರ್ ಬೇಕು.

ನಿಮ್ಮ ಇಂಜಿನ್ ಆಯಿಲ್ ಡಬ್ಬಿಯನ್ನು ತಿರುಗಿಸಿ ನೋಡಿ. 15ಡಬ್ಲ್ಯೂ-40 ಎಂದಿದ್ದರೆ, ಆ ಡಬ್ಲ್ಯೂ ಚಳಿಗಾಲದ ಗುರುತು. ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲೂ ಇಂಜಿನ್ ತಿರುಗಲು ಬಿಡುವಷ್ಟು ತೆಳುವಾಗಿರುತ್ತದೆಯೇ ಎಂದು ಪರೀಕ್ಷಿಸಿದ ಎಣ್ಣೆ ಅದು. 20ಡಬ್ಲ್ಯೂ-40 ಆಗಿದ್ದರೆ ಮೈನಸ್ 15ರಲ್ಲಿ. ಹೊಸಪೇಟೆಯ ಜನವರಿ ನಸುಕಿನಲ್ಲಿ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು, ಚಳಿಗಾಳಿ ಬೀಸಿದ ದಿನ 10ರ ಹತ್ತಿರ. ನಮಗೆ ಕಂಬಳಿ ಬೇಕೆನಿಸುವ ಈ ಚಳಿ ಇಂಜಿನ್ನಿಗೆ ಚಳಿಯೇ ಅಲ್ಲ.

ಬ್ಲಾಕ್ ಹೀಟರ್ ಹುಟ್ಟಿದ ಜಾಗವೇ ಬೇರೆ. ಅಮೆರಿಕದ ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್ ಊರಿನ ಆಂಡ್ರೂ ಫ್ರೀಮನ್ ಅವರಿಗೆ 1949ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಅಲ್ಲಿ ಚಳಿಗಾಲದ ರಾತ್ರಿ ಮೈನಸ್ 30ಕ್ಕೂ ಇಳಿಯುತ್ತದೆ. ಕೆನಡಾದ ವಿನಿಪೆಗ್‌ನಲ್ಲಿರುವ ಕನ್ನಡದ ಮನೆಗಳಿಗೆ ಇದು ಪರಿಚಿತ: ರಾತ್ರಿ ಕಾರಿನ ಮುಂಭಾಗದಿಂದ ಇಳಿಬಿದ್ದ ವೈರನ್ನು ಪ್ಲಗ್ಗಿಗೆ ಸಿಕ್ಕಿಸುತ್ತಾರೆ, ಮೂರು ನಾಲ್ಕು ಗಂಟೆಯಲ್ಲಿ ಕೂಲಂಟ್ ಬೆಚ್ಚಗಾಗುತ್ತದೆ. ಅಲ್ಲಿಂದ ಬಂದ ನೆಂಟರು ಇಂಥದ್ದನ್ನು ತಂದುಕೊಟ್ಟರೆ ಒಂದು ಅಪಾಯವಿದೆ. ಅದು 120 ವೋಲ್ಟಿಗೆ ಮಾಡಿದ್ದು. ನಮ್ಮ 230 ವೋಲ್ಟಿಗೆ ಹಾಕಿದರೆ ಸುಮಾರು ಮೂರೂವರೆ ಪಟ್ಟು ಹೆಚ್ಚು ಕಾಯುತ್ತದೆ. ಸುಟ್ಟುಹೋಗುತ್ತದೆ, ಇಲ್ಲವೇ ಗಾಡಿಯನ್ನೇ ಸುಡುತ್ತದೆ.

ನಮ್ಮ ದೇಶದಲ್ಲಿ ಹೀಟರ್‌ಗೆ ಅರ್ಥವಿರುವುದು ಲಡಾಖ್‌ನಂಥ ಕಡೆ. ಅಲ್ಲಿ ಚಳಿಗೆ ಡೀಸೆಲ್ಲೇ ಮೇಣಗಟ್ಟುತ್ತದೆ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ ಅನ್ನು ಅಲ್ಲಿಗೆಂದೇ ತಂದದ್ದು ಆ ಕಾರಣಕ್ಕೆ.

ನಂಬಿಕೆ: ಬ್ಯಾಟರಿಯನ್ನು ಕೊಲ್ಲುವುದು ಚಳಿ.

ಕೊಲ್ಲುವುದು ಬಿಸಿಲು. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಬಾನೆಟ್ಟಿನ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಆ ಕಾವಿಗೆ ಬ್ಯಾಟರಿಯ ನೀರು ಆರುತ್ತದೆ, ಒಳಗಿನ ಪ್ಲೇಟುಗಳಿಗೆ ತುಕ್ಕು ಹಿಡಿಯುತ್ತದೆ. ಆದರೂ ಆಗ ಗಾಡಿ ಏಳುತ್ತದೆ, ಏಕೆಂದರೆ ಕಾದ ಇಂಜಿನ್ ಹಗುರಾಗಿ ತಿರುಗುತ್ತದೆ. ಚಳಿಗಾಲದಲ್ಲಿ ಬ್ಯಾಟರಿಯ ಶಕ್ತಿ ಸ್ವಲ್ಪ ಕುಗ್ಗುತ್ತದೆ, ಎಣ್ಣೆ ಸ್ವಲ್ಪ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಆದ ಹಾನಿ ಆ ಹೊತ್ತಿಗೆ ಬಯಲಾಗುತ್ತದೆ. ದೂರು ಮಾತ್ರ ಚಳಿಯ ಮೇಲೆ ಬೀಳುತ್ತದೆ.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಮೀಟರ್ ಇಟ್ಟು ನೋಡಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.2ಕ್ಕೆ ಇಳಿದಿದ್ದರೆ ಅರ್ಧವಷ್ಟೇ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಕಥೆ ಮುಗಿಯುತ್ತ ಬಂದಿದೆ. ಅದಕ್ಕೂ ಮೊದಲು ಟರ್ಮಿನಲ್ ಮೇಲಿನ ಬಿಳಿ ಪುಡಿ ತೆಗೆದು, ಅರ್ತ್ ಕೇಬಲ್ ಚಾಸಿಗೆ ಕೂಡುವ ಜಾಗವನ್ನು ಉಜ್ಜಿ ಬಿಗಿಯಿರಿ. ಸಂಡೂರಿನ ಕೆಂಪು ಧೂಳಿನಲ್ಲಿ ಓಡುವ ಗಾಡಿಗಳಲ್ಲಿ ಇದನ್ನು ಮೊದಲು ನೋಡಬೇಕು.

ನಂಬಿಕೆ: ಹೀಟರ್ ಪ್ಲಗ್ ಯಾವುದಾದರೂ ನಡೆಯುತ್ತದೆ.

ನಮ್ಮ ಮೆಕ್ಯಾನಿಕ್‌ಗಳು ಹೀಟರ್ ಎನ್ನುವುದು ಬಹಳ ಸಲ ಇದನ್ನೇ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು 16ರಿಂದ 22 ಪಟ್ಟು ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ತಣ್ಣಗಿನ ಸಿಲಿಂಡರ್ ಗೋಡೆ ಆ ಕಾವನ್ನು ಹೀರಿಬಿಟ್ಟರೆ ಸಹಾಯಕ್ಕೆ ಹೀಟರ್ ಪ್ಲಗ್ ಬರುತ್ತದೆ, ಅದರ ತುದಿ ಕೆಂಪಗೆ ಕಾದು 850 ಡಿಗ್ರಿಯನ್ನೂ ಮೀರುತ್ತದೆ. ಹಳೆಯ ಡೀಸೆಲ್ ಅಂಬಾಸಿಡರ್‌ನಂಥ, ಡೀಸೆಲ್ ಪಕ್ಕದ ಪುಟ್ಟ ಕೋಣೆಯಲ್ಲಿ ಉರಿಯುವ ಇಂಜಿನ್‌ಗಳಿಗೆ ನಮ್ಮ ಸಾಧಾರಣ ಚಳಿಯಲ್ಲೂ ಇದು ಬೇಕೇಬೇಕು. ಪಿಸ್ಟನ್ ಮೇಲೇ ನೇರವಾಗಿ ಡೀಸೆಲ್ ಬೀಳುವ ಇಂಜಿನ್‌ಗಳು 10 ಡಿಗ್ರಿಯಲ್ಲಿ ಇದಿಲ್ಲದೆಯೂ ಏಳಬೇಕು. ದೊಡ್ಡ ಲಾರಿಗಳಲ್ಲಿ ಬಹುಪಾಲು ಈ ಪ್ಲಗ್ಗೇ ಇರುವುದಿಲ್ಲ. ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಗಾಳಿ ಒಳಹೋಗುವ ಕೊಳವೆಯಲ್ಲೇ ಒಂದು ಕಾಯಿಲ್ ಇರುತ್ತದೆ. ಕೀಲಿಯನ್ನು ಹೀಟರ್ ಜಾಗದಲ್ಲಿ ಹಿಡಿದರೆ ಅದು ಕಾಯುತ್ತದೆ.

ಕೊಳ್ಳುವಾಗ ಎಚ್ಚರವಿರಲಿ. ಗಾಡಿಯ ಬ್ಯಾಟರಿ 12 ವೋಲ್ಟ್ ಆದರೂ ಪ್ಲಗ್ 11 ವೋಲ್ಟಿನದಿರಬಹುದು, ಹೊಸ ಗಾಡಿಯಲ್ಲಿ 7 ಅಥವಾ 5 ವೋಲ್ಟಿನದೂ ಇರಬಹುದು. ಇಂಥದ್ದನ್ನು ಬ್ಯಾಟರಿಗೆ ನೇರ ತಾಗಿಸಿ "ಕೆಂಪಾಗ್ತೈತಾ ನೋಡೋಣ" ಎಂದರೆ ಅಲ್ಲೇ ಸುಟ್ಟುಹೋಗುತ್ತದೆ. ಉದ್ದ ಒಂದಿಷ್ಟು ಹೆಚ್ಚಾದರೂ ತುದಿ ಒಳಗೆ ತಾಗಬಹುದು. ಹಳೆಯ ಪ್ಲಗ್ಗಿನ ಮೇಲಿನ ಪಾರ್ಟ್ ನಂಬರ್ ತೋರಿಸಿ ಅದೇ ನಂಬರಿನದನ್ನು ಕೊಳ್ಳಿ. ಬಿಚ್ಚುವಾಗ ಬಲ ಹಾಕಬೇಡಿ, ಮುರಿದರೆ ತುಂಡು ಹೆಡ್ಡಿನೊಳಗೆ ಉಳಿದು ದೊಡ್ಡ ಖರ್ಚಿಗೆ ದಾರಿಯಾಗುತ್ತದೆ.

ಪ್ಲಗ್ ಬದಲಿಸುವ ಮುನ್ನ ಸೈಲೆನ್ಸರ್ ನೋಡಿ. ಸೆಲ್ಫ್ ಮಂದವಾಗಿ ತಿರುಗಿದರೆ ತೊಂದರೆ ಬ್ಯಾಟರಿ, ಕೇಬಲ್ ಅಥವಾ ಸೆಲ್ಫ್ ಮೋಟಾರಿನದು. ಸೆಲ್ಫ್ ಚುರುಕಾಗಿ ತಿರುಗಿ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಹೀಟರ್ ಪ್ಲಗ್, ಅದರ ರಿಲೇ ಅಥವಾ ಕಂಪ್ರೆಶನ್ ಮೇಲೆ ಅನುಮಾನ ಪಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ. ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಫಿಲ್ಟರ್ ಕಟ್ಟಿದೆ. ಇಷ್ಟು ನೋಡಿದರೆ ಎಷ್ಟೋ ಜನರ ದುಡ್ಡು ಉಳಿಯುತ್ತದೆ.

ನಂಬಿಕೆ: ಬಿಸಿಲ ನಾಡಿನಲ್ಲಿ ಥರ್ಮೋಸ್ಟಾಟ್ ಬೇಡ.

ಇಂಜಿನ್ ಕಾಯದಿರಲಿ ಎಂದು ಬೇಸಿಗೆಯಲ್ಲಿ ಥರ್ಮೋಸ್ಟಾಟ್ ಕಿತ್ತು ಎಸೆಯುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ತಪ್ಪು. ಆ ವಾಲ್ವ್ ಕೂಲಂಟ್ ಸುಮಾರು 80 ಡಿಗ್ರಿ ದಾಟುವವರೆಗೆ ಅದನ್ನು ರೇಡಿಯೇಟರ್‌ಗೆ ಬಿಡದೆ ಇಂಜಿನ್ ಬೇಗ ಬೆಚ್ಚಗಾಗುವಂತೆ ಮಾಡುತ್ತದೆ. ಅದಿಲ್ಲದ ಗಾಡಿ ಜನವರಿಯಲ್ಲಿ ಹೊಸಪೇಟೆ ಬಿಟ್ಟು ಕಂಪ್ಲಿ ಮುಟ್ಟಿದರೂ ಸರಿಯಾದ ಕಾವಿಗೆ ಬಾರದೇ ಹೋಗಬಹುದು. ಡೀಸೆಲ್ ಹೆಚ್ಚು ಕುಡಿಯುತ್ತದೆ, ಲೈನರ್ ಬೇಗ ಸವೆಯುತ್ತದೆ, ಮರುದಿನದ ಸ್ಟಾರ್ಟ್‌ಗೆ ಬೇಕಾದ ಕಂಪ್ರೆಶನ್ ಸವೆತದಿಂದ ಕ್ರಮೇಣ ಕಡಿಮೆಯಾಗುತ್ತದೆ. ಇಂಜಿನ್ ಕಾಯುತ್ತಿದ್ದರೆ ರೇಡಿಯೇಟರ್ ತೊಳೆಸಿ, ಕೂಲಂಟ್ ಬದಲಿಸಿ, ಫ್ಯಾನ್ ನೋಡಿ. ಥರ್ಮೋಸ್ಟಾಟ್ ತೆಗೆಸಿದ್ದರೆ ಮತ್ತೆ ಹಾಕಿಸಿ. ನಮ್ಮ ಚಳಿಗೆ ಬೇಕಾದ ಹೀಟರ್ ಅದೇ.

ನಂಬಿಕೆ: ಪೆಟ್ರೋಲ್ ಬಟ್ಟೆ ಹಿಡಿದರೆ ಸಾಕು.

ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ನೆನೆಸಿದ ಬಟ್ಟೆ ಹಿಡಿಯುವುದು, ಈಥರ್ ಸ್ಪ್ರೇ ಹೊಡೆಯುವುದು, ಕಾಗದ ಹೊತ್ತಿಸಿ ಗಾಳಿಯ ದಾರಿಗೆ ಕೊಡುವುದು ಇನ್ನೂ ನಡೆಯುತ್ತಿವೆ. ಹೀಟರ್ ಕಾದಿರುವಾಗ ಈ ಆವಿ ಒಳಹೊಕ್ಕರೆ ಸ್ಫೋಟವಾಗಬಹುದು, ರಿಂಗು ಮುರಿಯಬಹುದು, ಹಿಡಿದವರ ಮುಖ ಸುಡಬಹುದು. ಸಂಪ್ ಕೆಳಗೆ ಬೆಂಕಿ ಹಾಕುವುದಂತೂ ಬೇಡವೇ ಬೇಡ.

ಸ್ಟಾರ್ಟ್ ಆದಮೇಲೆ ಹತ್ತು ಹದಿನೈದು ನಿಮಿಷ ನಿಲ್ಲಿಸಿಯೇ ಓಡಿಸಬೇಕಿಲ್ಲ. ಎಣ್ಣೆ ಮೇಲೇರಲು ಅರ್ಧ ನಿಮಿಷ ಕೊಟ್ಟು, ಮೊದಲ ಒಂದೆರಡು ಕಿಲೋಮೀಟರ್ ಆಕ್ಸಿಲರೇಟರ್ ತುಳಿಯದೆ ನಿಧಾನ ಹೋದರೆ ಇಂಜಿನ್ ಬೇಗ ಬೆಚ್ಚಗಾಗುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಇಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಮನುಷ್ಯನನ್ನು ಕೊಲ್ಲುತ್ತದೆ.

ಹೀಟರ್ ಕೊಳ್ಳಲೆಂದು ಹಣ ತೆಗೆದಿಟ್ಟಿದ್ದರೆ ಈ ವಾರವೇ ಅದರಲ್ಲಿ ಬ್ಯಾಟರಿಯ ಲೋಡ್ ಟೆಸ್ಟ್ ಮಾಡಿಸಿ, ಟರ್ಮಿನಲ್ ಸ್ವಚ್ಛಗೊಳಿಸಿ, ಥರ್ಮೋಸ್ಟಾಟ್ ಇದೆಯೇ ಎಂದು ನಿಮ್ಮ ಮೆಕ್ಯಾನಿಕ್‌ನನ್ನು ಕೇಳಿ.